ಒಂದು ನಕ್ಷೆ, ಮೂರು ರೇಖೆಗಳು

ಸೈನ್ ಫಲನ, ಅದರ ಅವಕಲನ, ಅದರ ಅನುಕಲನ: ಈ ಮೂರನ್ನೂ ಪೈಥಾನ್‌ನಲ್ಲಿ ಒಂದೇ ನಕ್ಷೆಯ ಮೇಲೆ ಬಿಡಿಸಲು ಹತ್ತಾರು ಸಾಲಿನ ಕೋಡ್ ಸಾಕು.

ಮೊದಲು, ನಂಪೈ ಎಂಬ ಲೈಬ್ರರಿಯ ಲಿನ್‌ಸ್ಪೇಸ್ 0ಯಿಂದ 2 ಪೈವರೆಗೆ ಸಮಾನ ಅಂತರದ 201 ಬಿಂದುಗಳನ್ನು ಇಡುತ್ತದೆ. ಅಕ್ಕಪಕ್ಕದ ಬಿಂದುಗಳ ನಡುವಿನ ಹೆಜ್ಜೆ ಸುಮಾರು 0.0314. ಮುಂದಿನ ಲೆಕ್ಕಕ್ಕೆಲ್ಲ ಈ 201 ಬೆಲೆಗಳೇ ಆಧಾರ.

ಅವಕಲನವೆಂದರೆ ಪ್ರತಿ ಬಿಂದುವಿನಲ್ಲಿ ರೇಖೆಯ ಇಳಿಜಾರು. ನಂಪೈನ ಗ್ರೇಡಿಯಂಟ್, ಬಿಂದುವಿನ ಎಡಬಲದ ಬೆಲೆಗಳ ವ್ಯತ್ಯಾಸವನ್ನು ಅವುಗಳ ನಡುವಿನ ದೂರದಿಂದ ಭಾಗಿಸುತ್ತದೆ. ತುದಿಗಳಲ್ಲಿ ನೆರೆಯ ಬಿಂದು ಒಂದೇ ಬದಿಗೆ ಇರುವುದರಿಂದ, ಅಲ್ಲಿ ನಿಖರತೆ ಸಾಮಾನ್ಯವಾಗಿ ಕಡಿಮೆ.

ಅನುಕಲನವೆಂದರೆ ರೇಖೆಯ ಕೆಳಗೆ ಕೂಡುತ್ತ ಹೋಗುವ ವಿಸ್ತೀರ್ಣ. ಸೈಪೈ ಎಂಬ ಲೈಬ್ರರಿಯ ಕ್ಯುಮುಲೇಟಿವ್ ಟ್ರೆಪೆಜಾಯಿಡ್, ಪ್ರತಿ ಹೆಜ್ಜೆಯ ತ್ರಾಪಿಜ್ಯದ ವಿಸ್ತೀರ್ಣವನ್ನು ಹಿಂದಿನ ಮೊತ್ತಕ್ಕೆ ಸೇರಿಸುತ್ತದೆ. ಅದರ ಇನಿಷಿಯಲ್ ಎಂಬ ಆಯ್ಕೆಗೆ 0 ಕೊಟ್ಟರೆ ಉತ್ತರದಲ್ಲೂ 201 ಬೆಲೆಗಳು ಇರುತ್ತವೆ. ಕೊಡದಿದ್ದರೆ 200 ಮಾತ್ರ ಬರುತ್ತವೆ. ಆಗ ಬಿಂದುಗಳ ಲೆಕ್ಕ ತಾಳೆಯಾಗದೆ ರೇಖೆ ಮೂಡುವುದೇ ಇಲ್ಲ.

ಕೊನೆಗೆ ನಕ್ಷೆ ಬಿಡಿಸುವ ಲೈಬ್ರರಿಯಾದ ಮ್ಯಾಟ್‌ಪ್ಲಾಟ್‌ಲಿಬ್ ಮೂರನ್ನೂ ಬೇರೆ ಬೇರೆ ಬಣ್ಣದಲ್ಲಿ ಬಿಡಿಸಿದಾಗ, ಅವುಗಳ ನಂಟು ಕಣ್ಣಿಗೇ ಕಾಣುತ್ತದೆ. ಪೈ ಬೈ 2ರಲ್ಲಿ ಸೈನ್ ತನ್ನ ಶಿಖರ ಮುಟ್ಟುತ್ತದೆ. ಅದೇ ಜಾಗದಲ್ಲಿ ಅವಕಲನ 0. ಪೈನಲ್ಲಿ ಸೈನ್ 0 ದಾಟಿ ಕೆಳಗಿಳಿಯುತ್ತದೆ. ಅನುಕಲನ ಗರಿಷ್ಠವಾಗುವುದು ಅಲ್ಲೇ.

ಆ ಗರಿಷ್ಠದ ನಿಜವಾದ ಬೆಲೆ 2. ತ್ರಾಪಿಜ್ಯಗಳ ಲೆಕ್ಕ ಕೊಡುವುದು ಸುಮಾರು 1.99984. ಹೆಜ್ಜೆಯನ್ನು ಅರ್ಧಕ್ಕಿಳಿಸಿದರೆ, ಈ ದೋಷ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ.