ಊಟದ ಜೊತೆ ಒಡನಾಟವೂ ಇರಲಿ

ವೃದ್ಧಾಶ್ರಮಕ್ಕೆ ಒಂದು ಹೊತ್ತಿನ ಊಟ ಕೊಡುವುದು ಒಳ್ಳೆಯದೇ. ಆದರೆ ಆ ಊಟಕ್ಕೆ ಎಷ್ಟು ಹಿರಿಯರು ಕೋಣೆಯಿಂದ ಹೊರಬರುತ್ತಾರೆಂದು ವಿಚಾರಿಸಿದ್ದೀರಾ?

ಕಿವಿ ಮಂದವಾದವರು ಮಾತಿಗೆ ಹಿಂಜರಿಯುತ್ತಾರೆ. ಮೂತ್ರ ತಡೆಯಲಾಗದವರು ನಾಚಿಕೆಯಿಂದ ಕೋಣೆಯಲ್ಲೇ ಉಳಿಯುತ್ತಾರೆ. ಬೀಳುವ ಭಯ ಇನ್ನು ಕೆಲವರ ನಡಿಗೆಯನ್ನೇ ನಿಲ್ಲಿಸುತ್ತದೆ. ಈ ಒಂಟಿತನ ದೇಹಕ್ಕೂ ಕೆಡುಕು. ಜನಸಂಪರ್ಕವಿಲ್ಲದವರಿಗೆ ಹೃದ್ರೋಗದ ಅಪಾಯ ಶೇ. 29, ಪಾರ್ಶ್ವವಾಯುವಿನ ಅಪಾಯ ಶೇ. 32ರಷ್ಟು ಹೆಚ್ಚೆಂದು ಅಮೆರಿಕದ ಸರ್ಜನ್ ಜನರಲ್ 2023ರಲ್ಲಿ ಎಚ್ಚರಿಸಿದ್ದಾರೆ.

ಆದ್ದರಿಂದ ನಿಮ್ಮ ಸದಕಾದಲ್ಲಿ ಒಂದು ಪಾಲು ಶ್ರವಣಯಂತ್ರದ ಬ್ಯಾಟರಿ, ದೊಡ್ಡವರ ಡೈಪರ್, ಸ್ನಾನದ ಮನೆಯ ಗೋಡೆಗೆ ಹಿಡಿಕೆ, ಜಾರದ ಚಾಪೆಗೂ ಇರಲಿ. ಏನು ಬೇಕೆಂದು ಅಲ್ಲಿಯವರನ್ನೇ ಕೇಳಿ. ಚಹಾದ ಹೊತ್ತಿಗೆ ಹೋಗಿ, ಕೈ ತೊಳೆದು, ಸಲಾಂ ಹೇಳಿ, ಪಕ್ಕದಲ್ಲಿ ಕುಳಿತು ಮಾತಾಡಿ. ನೆಗಡಿ, ಜ್ವರವಿದ್ದರೆ ಮಾತ್ರ ಅಂದು ಬೇಡ. ಗುಣವಾದ ಮೇಲೆ ತಪ್ಪದೆ ಹೋಗಿ.