ಗೇನ್ ಏರಿಸಿದರೆ ಶಕ್ತಿ ಏರದು

ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯು ಕಾಂತೇಶಸ್ವಾಮಿಯ ಕ್ಷೇತ್ರವೆಂದು ನಾಡಿನಲ್ಲಿ ಪ್ರಸಿದ್ಧ. ಇಂಥ ಊರುಗಳಲ್ಲಿ ಜಾತ್ರೆಯಿರಲಿ, ಭಜನೆಯಿರಲಿ, ಮೈಕ್ ಸೆಟ್ ಬೇಕೇ ಬೇಕು. ಹಿಂದೆ ಕುಳಿತವರಿಗೆ ಕೇಳಿಸುತ್ತಿಲ್ಲವೆಂಬ ಕೂಗು ಎದ್ದೊಡನೆ ಆಂಪ್ಲಿಫೈಯರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸುವುದೂ ಎಲ್ಲೆಡೆ ಕಾಣುವ ರೂಢಿ. ಆಗ ಮಾತು ಸ್ಪಷ್ಟವಾಗುವ ಬದಲು ಒಡೆದು ಕೇಳಿಸುತ್ತದೆ. ಕೆಲವೊಮ್ಮೆ ಸ್ಪೀಕರ್ ಸುಟ್ಟೇ ಹೋಗುತ್ತದೆ. ಗೇನ್, ವಾಟ್ ಮತ್ತು ಸದ್ದು ಒಂದೇ ಎಂಬ ತಪ್ಪು ಕಲ್ಪನೆಯೇ ಇದರ ಮೂಲ.

ಮೈಕಿನಿಂದ ಬರುವ ವಿದ್ಯುತ್ ಸಂಕೇತ ಕೆಲವೇ ಮಿಲಿವೋಲ್ಟ್‌ಗಳಷ್ಟು ಕ್ಷೀಣವಾದುದು. ಅದನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬ ಪ್ರಮಾಣವೇ ಗೇನ್. ಆದರೆ ಹೊರಬರಬಹುದಾದ ಗರಿಷ್ಠ ಶಕ್ತಿಯನ್ನು, ಅಂದರೆ ವಾಟ್‌ಗಳನ್ನು, ನಿರ್ಧರಿಸುವುದು ಆಂಪ್ಲಿಫೈಯರಿನ ಪವರ್ ಸಪ್ಲೈ ಹಾಗೂ ಟ್ರಾನ್ಸಿಸ್ಟರುಗಳ ಸಾಮರ್ಥ್ಯ. ಕೆರೆಯ ತೂಬನ್ನು ಎಷ್ಟೇ ತೆರೆದರೂ ಕಾಲುವೆಯಲ್ಲಿ ಹರಿಯುವುದು ಅದು ಹಿಡಿಸುವಷ್ಟೇ ನೀರು. ಮಿಕ್ಕಿದ್ದು ಏರಿಯೊಡೆದು ಹೊಲ ಕೆಡಿಸುತ್ತದೆ. ಗುಂಡಿ ಅರ್ಧಕ್ಕಿರುವಾಗಲೇ 100 ವಾಟ್‌ಗಳ ಯಂತ್ರ ತನ್ನ ಮಿತಿ ಮುಟ್ಟಿದ್ದರೆ, ಮುಂದಿನ ತಿರುವಿನಲ್ಲಿ ಧ್ವನಿತರಂಗದ ತುದಿಗಳು ಕತ್ತರಿಸಿಹೋಗುತ್ತವೆ. ಇದನ್ನು ಕ್ಲಿಪ್ಪಿಂಗ್ ಎನ್ನುತ್ತಾರೆ. ಸ್ಪೀಕರಿನ ಸುರುಳಿಯನ್ನು ಮಿತಿಮೀರಿ ಕಾಯಿಸುವುದು ಇದೇ.

ಹೆಚ್ಚು ವಾಟ್‌ಗಳ ಯಂತ್ರ ತಂದರೆ ಸಾಲದೆ? ನಮ್ಮ ಕಿವಿಯ ಲೆಕ್ಕ ಬೇರೆ. ವಾಟ್‌ಗಳನ್ನು ದುಪ್ಪಟ್ಟು ಮಾಡಿದರೆ ಹೆಚ್ಚುವುದು ಕೇವಲ 3 ಡೆಸಿಬೆಲ್. ಸದ್ದು ಇಮ್ಮಡಿಯಾದಂತೆ ಭಾಸವಾಗಲು ಸುಮಾರು 10 ಡೆಸಿಬೆಲ್ ಬೇಕು. ಅದಕ್ಕೆ 100 ವಾಟ್ ಇದ್ದದ್ದು 1,000 ವಾಟ್ ಆಗಬೇಕು.

ದೂರದ ಪಾತ್ರವೂ ಕಡಿಮೆಯಲ್ಲ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 1 ವಾಟ್‌ಗೆ 1 ಮೀಟರ್ ದೂರದಲ್ಲಿ 105 ಡೆಸಿಬೆಲ್ ಕೊಡುವ ಹಾರ್ನ್‌ಗೆ 100 ವಾಟ್ ನೀಡಿದರೆ, 100 ಮೀಟರ್ ದೂರದಲ್ಲಿ ಸುಮಾರು 85 ಡೆಸಿಬೆಲ್ ಕೇಳಿಸೀತು. ಆದರೆ 10 ಮೀಟರ್ ದೂರದಲ್ಲಿ ಕುಳಿತ ಮಕ್ಕಳ ಕಿವಿಗೆ ಬೀಳುವುದು 105 ಡೆಸಿಬೆಲ್. 85ನ್ನು ಮೀರಿದ ಸದ್ದು ದೀರ್ಘಕಾಲ ಬಿದ್ದರೆ ಶ್ರವಣಶಕ್ತಿಗೇ ಅಪಾಯ.

ಆದ್ದರಿಂದ ಪರಿಹಾರ ಗುಂಡಿಯಲ್ಲಿಲ್ಲ. ಹಿಂದಿನ ಸಾಲಿನ ಸಮೀಪ ಇನ್ನೊಂದು ಹಾರ್ನ್ ಕಟ್ಟುವುದು ಲೇಸು. ದೂರ ಅರ್ಧಕ್ಕಿಳಿದರೆ ವಾಟ್‌ಗಳನ್ನು ನಾಲ್ಕು ಪಟ್ಟು ಮಾಡಿದಷ್ಟೇ ಲಾಭ. ಮೈಕನ್ನು ಬಾಯಿಗೆ ಹತ್ತಿರ ಹಿಡಿದರೆ ಕಡಿಮೆ ಗೇನ್ ಸಾಕು. ಕೀರಲು ಸದ್ದೂ ಅಡಗುತ್ತದೆ.

ಕೇಂದ್ರ ಸರ್ಕಾರದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ವಿಧಿಸಿವೆ. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಕೆಗೆ ಸಾಮಾನ್ಯವಾಗಿ ನಿಷೇಧವಿದೆ. ಸ್ಪೀಕರುಗಳನ್ನು ವಿವೇಚನೆಯಿಂದ ಹಂಚಿ ಕಟ್ಟಿದರೆ ಭಕ್ತರಿಗೆ ಭಜನೆಯೂ ಕೇಳಿಸೀತು, ನೆರೆಹೊರೆಯವರಿಗೆ ನಿದ್ದೆಯೂ ಬಂದೀತು.