ಖಾಕಿಯೊಳಗೂ ಒಂದು ಮನಸ್ಸಿದೆ

ಪೊಲೀಸ್ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಬರೋದು ಏನು? ದಪ್ಪ ಮೀಸೆ, ಗಡಸು ದನಿ, ಕೈಯಲ್ಲಿ ಲಾಠಿ. 'ಗಂಡಸು ಅಂದ್ರೆ ಹೀಗಿರಬೇಕು' ಅಂತ ನಾವೇ ಮಕ್ಕಳಿಗೆ ತೋರಿಸೋ ಚಿತ್ರ ಅದು. ಅಂಥ ಪೊಲೀಸ್ ಒಬ್ಬರು 'ನಾನು ಸಲಿಂಗಿ' ಅಂದರೆ? ನಂಬೋದೇ ಕಷ್ಟ, ಅಲ್ವಾ?

1981ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದದ್ದು ಅದೇ. ಸಲಿಂಗಿಗಳಿಗೆ ಕೆಲಸ, ಮನೆ ಕೊಡುವಾಗ ಭೇದ ಮಾಡಬಾರದು ಎಂಬ ಮಸೂದೆ ನಗರಸಭೆ ಮುಂದಿತ್ತು. ಪೊಲೀಸರ ಸಂಘ ಅದಕ್ಕೆ ವಿರೋಧವಾಗಿತ್ತು. ಆಗ ಸಾರ್ಜೆಂಟ್ ಚಾರ್ಲ್ಸ್ ಕಾಕ್ರನ್ ಎಲ್ಲರೆದುರು, ತಾವು ಪೊಲೀಸರೂ ಹೌದು, ಸಲಿಂಗಿಯೂ ಹೌದು ಎಂದು ಹೇಳಿಬಿಟ್ಟರು. 1982ರಲ್ಲಿ ತಮ್ಮಂಥ ಪೊಲೀಸರಿಗಾಗಿ 'ಗೇ ಆಫೀಸರ್ಸ್ ಆಕ್ಷನ್ ಲೀಗ್' ಎಂಬ ಸಂಘ ಕಟ್ಟಿದರು. ಮಸೂದೆ ಕಾನೂನಾಗಿದ್ದು 1986ರಲ್ಲಿ.

ಇದಕ್ಕೆಷ್ಟು ಧೈರ್ಯ ಬೇಕು ಯೋಚಿಸಿ. ಅಪಾಯದ ಜಾಗಕ್ಕೆ ನುಗ್ಗುವ ಪೊಲೀಸರಿಗೆ ಬೆನ್ನಿಗಿರೋದು ಜೊತೆಯವರೇ. ಅವರೇ ಮುಖ ತಿರುಗಿಸಿದರೆ? ಇತ್ತ ಸಲಿಂಗಿಗಳಿಗೂ ಪೊಲೀಸರೆಂದರೆ ಆಗುತ್ತಿರಲಿಲ್ಲ. 1969ರಲ್ಲಿ ಸ್ಟೋನ್‌ವಾಲ್ ಬಾರ್ ಮೇಲೆ ದಾಳಿ ಮಾಡಿದ್ದು ಇದೇ ಇಲಾಖೆ. ಅದಕ್ಕೆ ಪೊಲೀಸ್ ಕಮಿಷನರ್ ಕ್ಷಮೆ ಕೇಳಿದ್ದು 2019ರಲ್ಲಿ, ಬರೋಬ್ಬರಿ ಐವತ್ತು ವರ್ಷದ ಮೇಲೆ!

ಎಲ್ಲರೂ ಕಾಕ್ರನ್ ಥರ ಸಭೆಯಲ್ಲಿ ಹೇಳಲೇಬೇಕು ಅಂತೇನಿಲ್ಲ. ನ್ಯೂಯಾರ್ಕ್ ಅಗ್ನಿಶಾಮಕ ದಳದ ಪಾದ್ರಿ ಮೈಕಲ್ ಜಡ್ಜ್ ತಮ್ಮ ವಿಷಯ ಹೇಳಿಕೊಂಡಿದ್ದು ಆಪ್ತರಲ್ಲಿ ಮಾತ್ರ. 2001ರ ಸೆಪ್ಟೆಂಬರ್ 11ರಂದು ತಮ್ಮ ದಳದವರ ಜೊತೆಗೇ ಅವಳಿ ಗೋಪುರಕ್ಕೆ ಹೋಗಿ ಪ್ರಾಣ ಬಿಟ್ಟರು. ಅಂದಿನ ದುರಂತದಲ್ಲಿ ಸತ್ತವರ ಅಧಿಕೃತ ಪಟ್ಟಿಯಲ್ಲಿ ಮೊದಲ ಹೆಸರು ಅವರದೇ.

'ಅಮೆರಿಕದ ಕಥೆ ನಮಗ್ಯಾಕೆ?' ಅಂತೀರಾ? ಖಾಕಿ ತೊಟ್ಟ ಮಗ, ಆಂಬುಲೆನ್ಸ್‌ನಲ್ಲಿ ದುಡಿಯುವ ಮಗಳು ನಮ್ಮ ಮನೆಗಳಲ್ಲೂ ಇದ್ದಾರೆ. ನಾಳೆ ಅವರು 'ಅಮ್ಮಾ, ಒಂದು ಮಾತು' ಅಂತ ಬಂದು ಕೂತರೆ ಏನು ಮಾಡ್ತೀರಿ?

ಮೊದಲು ಪೂರ್ತಿ ಕೇಳಿಸಿಕೊಳ್ಳಿ. ಅಳು ಬಂದರೆ ಅಳಿ, ಆದರೆ ಬೈಯಬೇಡಿ. 'ನಾನು ಬೆಳೆಸಿದ್ದೇ ತಪ್ಪಾಯ್ತೇನೋ' ಅಂತ ಕೊರಗಬೇಡಿ. ಇದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. 'ಸರಿ ಮಾಡ್ತೀವಿ' ಅನ್ನೋರ ಹತ್ತಿರ ಕರೆದೊಯ್ಯಬೇಡಿ. ಅಂಥ ಚಿಕಿತ್ಸೆ ಕೊಡುವುದು ವೈದ್ಯರ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಅಪರಾಧವೂ ಅಲ್ಲ, 2018ರ ಸೆಪ್ಟೆಂಬರ್ 6ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟಪಡಿಸಿದೆ.

'ಒಂದು ಮದುವೆ ಮಾಡಿದ್ರೆ ಸರಿಹೋಗ್ತಾನೆ' ಅನ್ನೋ ಮಾತಂತೂ ಬೇಡವೇ ಬೇಡ. ಮನೆಗೆ ಬರೋ ಆ ಹುಡುಗಿ ಯಾವ ತಪ್ಪು ಮಾಡಿದ್ದಾಳೆ ಹೇಳಿ? ಎರಡು ಜೀವ ಹಾಳಾಗುತ್ತೆ, ಎರಡು ಮನೆ ಕಣ್ಣೀರಿಡುತ್ತೆ.

ಇನ್ನೊಂದು ಮುಖ್ಯ ವಿಷಯ. ಮಗು ನಂಬಿ ಹೇಳಿದ್ದನ್ನು ಅಕ್ಕನಿಗೆ, ನಾದಿನಿಗೆ ಹೇಳಿ ಮನಸ್ಸು ಹಗುರ ಮಾಡ್ಕೊಳ್ಳೋಣ ಅನ್ನಿಸಬಹುದು. ತಡೀರಿ. ಠಾಣೆಯವರೆಗೂ ಸುದ್ದಿ ಹೋದರೆ ಕಷ್ಟಪಡೋದು ನಿಮ್ಮ ಮಗುವೇ. ಕಾಕ್ರನ್ ಊರಿಗೆಲ್ಲ ಹೇಳಿದರು, ಜಡ್ಜ್ ಆಪ್ತರಿಗಷ್ಟೇ ಹೇಳಿದರು. ಯಾರಿಗೆ, ಯಾವಾಗ ಅನ್ನೋದು ಅವರವರೇ ತೀರ್ಮಾನಿಸಬೇಕಾದದ್ದು.

ಊರಿನ ರಕ್ಷಣೆಗೆ ನಿಲ್ಲುವ ಮಗುವಿಗೆ ಅಮ್ಮನ ಮುಂದಾದರೂ ಹೆದರಿಕೆ ಇರಬಾರದು. ಅಷ್ಟು ನಮ್ಮ ಕೈಲಾಗುತ್ತೆ, ಏನಂತೀರಿ?